ಕಾಣದೆ ಹೋದ ನಕ್ಷತ್ರ



ನಕ್ಷತ್ರಗಳ ಲೆಕ್ಕವೂ ಅವುಗಳ ಹೆಸರುಗಳೂ ದೇವರಿಗೆ ತಿಳಿದವೆಯೆಂದು 147ನೆಯ ಕೀರ್ತನೆಯಲ್ಲಿ ಓದುತ್ತೇವೆ. ಅವುಗಳಲ್ಲಿ ಒಂದರ ವಿಷಯವನ್ನು ಈಗ ಆಲೋಚಿಸೋಣ.

ಜರ್ಮನಿ ದೇಶದ ಉತ್ತರ ಕಡಲ ಸೀಮೆಯಲ್ಲಿ ದಾವೀದ್ ಫಾಬ್ರಿಕಿಯುಸ್ ಎಂಬ ಗ್ರಾಮದ ಸಭಾಪಾಲಕರಿದ್ದರು. ದೂರದರ್ಶಕ ಯಂತ್ರವಿನ್ನೂ ಇಲ್ಲದ 1596ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ತಿಮಿಂಗಿಲವೆಂಬ ನಕ್ಷತ್ರಪುಂಜದೊಳಗೆ ತಾವು ಮುಂಚೆ ಕಾಣದಿದ್ದ ನಕ್ಷತ್ರವೊಂದನ್ನು ಬರಿಗಣ್ಣಿನಿಂದಲೇ ಕಂಡರು. ಕೆಲವು ವಾರಗಳಲ್ಲಿ ಅದು ಮಂಕಾಗಿ ಕಾಣದೆ ಹೋಯಿತು. ಆದರೆ 1609ರಲ್ಲಿ ಅದೇ ಸ್ಥಳದಲ್ಲಿ ಅದನ್ನು ತಿರಿಗಿ ಕಂಡರು! ಅದು ಸುಮಾರು 332 ದಿನಗಳಿಗೊಮ್ಮೆ ಬೆಳಗಿ ಕುಂದುವ ನಕ್ಷತ್ರವೆಂದು ತರುವಾಯದ ಪಂಡಿತರು ಕಂಡುಕೊಂಡರು. ಅದಕ್ಕೆ ಮೀರಾ, ಅಂದರೆ ಲತೀನ್ ಭಾಷೆಯಲ್ಲಿ ಆಶ್ಚರ್ಯವಾದದ್ದು, ಎಂದು ಹೆಸರಾಯಿತು.

ಆ ವೃದ್ಧ ನಕ್ಷತ್ರದ ಒಡಲು ಕಮ್ಮಾರನ ತಿದಿಯಂತೆ ಉಬ್ಬುತ್ತಲೂ ಕುಗ್ಗುತ್ತಲೂ ಇರುತ್ತದೆ. ಬೆಳಕು ಕುಂದಿದಾಗ ನಮ್ಮ ಕಣ್ಣಿಗೆ ಅಲ್ಲಿ ಬರೀ ಕತ್ತಲೆ. ಅದರ ಶಾಖವಾದರೋ ಹೊರಡುತ್ತಲೇ ಇರುತ್ತದೆ. ಕಾಣದೆ ಹೋದದ್ದೆಲ್ಲಾ ಸತ್ತುಹೋದದ್ದಲ್ಲ.

ಪ್ರಿಯರೇ, ನಮ್ಮ ಸಭೆಗಳಲ್ಲಿಯೂ ಹೀಗಿಲ್ಲವೋ? ಕೂಸನ್ನು ಮಣ್ಣಿಗೆ ಒಪ್ಪಿಸಿದ ತಾಯಿಯು ಆರಾಧನೆಗೆ ಬಾರಳು. ಬೆಳೆ ಕೆಟ್ಟು ಸಾಲಕ್ಕೆ ಬಿದ್ದ ಸಹೋದರನು ನಾಚಿಕೊಂಡು ಮನೆಯಲ್ಲೇ ಉಳಿಯುವನು. ಆಗ ನಾವು ಅವರ ವಿಶ್ವಾಸವು ಬರೀ ಹೊಟ್ಟೆಂದು ತೀರ್ಪುಹೇಳಿ ಅವರ ಹೊಸ್ತಿಲನ್ನು ತುಳಿಯದೆ ಇರುತ್ತೇವೆ. ಉಪದೇಶಿಗಳಾದ ನಾವೂ ಅಂಥ ಬಾಗಿಲುಗಳ ಮುಂದೆ ಸುಮ್ಮನೆ ಹಾದುಹೋದದ್ದುಂಟೆಂದು ನಾಚಿಕೆಯಿಂದ ಅರಿಕೆಮಾಡುತ್ತೇವೆ.

ಪೇತ್ರನು ಮೂರು ಸಾರಿ ಕರ್ತನನ್ನು ಅರಿಯೆನೆಂದನು. ಆ ರಾತ್ರಿ ಅವನಲ್ಲಿ ಬೆಳಕನ್ನು ಕಂಡವರು ಯಾರು? ಆದರೂ ಕರ್ತನು ತಿರುಗಿಕೊಂಡು ಅವನನ್ನು ದೃಷ್ಟಿಸಿದನು. ಪುನರುತ್ಥಾನದ ತರುವಾಯ ಕಡಲ ದಡದಲ್ಲಿ ಕೆಂಡದ ಬಳಿಗೆ ಕರೆದು, ಊಟಕೊಟ್ಟು, ತನ್ನ ಕುರಿಗಳನ್ನು ಅವನ ಕೈಗೆ ಒಪ್ಪಿಸಿದನು.

ನಕ್ಷತ್ರವು ತನ್ನ ಕಾಲಕ್ಕೆ ತಾನೇ ಬೆಳಗುವದು. ಮನುಷ್ಯನು ಹಾಗಲ್ಲ; ಅವನನ್ನು ಹುಡುಕಿ ಕರೆಯಬೇಕು. ಆದಕಾರಣ ಈ ವಾರವೇ ಅಂಥ ಒಂದು ಮನೆಗೆ ಹೋಗೋಣ. ಗದರಿಸದೆ, ಲೆಕ್ಕ ಕೇಳದೆ, ಅವರ ಸಂಗಡ ಚಾಪೆಯ ಮೇಲೆ ಕೂತು ಪ್ರಾರ್ಥಿಸೋಣ. ನಮ್ಮ ಬೆಳಕಿಗೂ ಏರಿಳಿತವುಂಟು. ಯಾಕೋಬನು ಬರೆದಂತೆ, ಸಕಲ ಬೆಳಕಿಗೂ ಮೂಲನಾದ ತಂದೆಯೊಬ್ಬನಲ್ಲಿಯೇ ಅದಿಲ್ಲ. ಆತನು ಲೆಕ್ಕದಲ್ಲಿಟ್ಟುಕೊಂಡಿರುವ ಹೆಸರನ್ನು ನಾವು ಅಳಿಸದಿರೋಣ. ಆಮೆನ್.