ಉತ್ತರ ತಡೆಯುವವನ ಋಣ

ಸತ್ತ ಮೇಲೆ ಮನುಷ್ಯ ಉಳಿಯುತ್ತಾನೋ ಇಲ್ಲವೋ ಎಂದು ಕಠೋಪನಿಷತ್ತಿನ ನಚಿಕೇತ ಕೇಳಿದಾಗ ಯಮ ಕೂಡಲೇ ಬಾಯಿ ಬಿಡುವುದಿಲ್ಲ. ಆನೆ, ಕುದುರೆ, ಚಿನ್ನ, ದೀರ್ಘಾಯುಸ್ಸು, ಏನು ಬೇಕಾದರೂ ಕೇಳು, ಇದೊಂದು ಬೇಡ ಎನ್ನುತ್ತಾನೆ. ಹುಡುಗ ಜಗ್ಗುವುದಿಲ್ಲ. ಕೊಲೆಯೊಂದರ ಗುಟ್ಟನ್ನು ವಾರಗಟ್ಟಲೆ ಹೇಳುವ ಟೀವಿ ಧಾರಾವಾಹಿಗೂ ಇದೇ ಧರ್ಮಸಂಕಟ. ಉತ್ತರವನ್ನು ಎಷ್ಟು ಕಾಲ ತಡೆಯಬಹುದು, ಯಾವ ಕಾರಣಕ್ಕೆ? ಯಮ ತಡೆದದ್ದು ಕೇಳುವವನು ಆ ಉತ್ತರಕ್ಕೆ ತಕ್ಕವನೋ ಎಂದು ನೋಡಲು. ವಾಹಿನಿ ತಡೆಯುವುದು ಕೇಳುವವನು ಎದ್ದು ಹೋಗದಿರಲಿ ಎಂದು. ಮೇಲುನೋಟಕ್ಕೆ ಎರಡೂ ವಿಳಂಬವೇ. ಆದರೆ ಒಂದರಲ್ಲಿ ಪ್ರಶ್ನೆ ಆಳಕ್ಕಿಳಿಯುತ್ತದೆ, ಇನ್ನೊಂದರಲ್ಲಿ ಸವೆದುಹೋಗುತ್ತದೆ.

ಅಮೆರಿಕದ ಎಬಿಸಿ ವಾಹಿನಿಯಲ್ಲಿ 1990ರ ಏಪ್ರಿಲ್‌ನಲ್ಲಿ ಶುರುವಾದ 'ಟ್ವಿನ್ ಪೀಕ್ಸ್' ಧಾರಾವಾಹಿ ಇದಕ್ಕೆ ದೊಡ್ಡ ಸಾಕ್ಷಿ. ಕಥೆಯಲ್ಲಿ ಲಾರಾ ಪಾಮರ್ ಎಂಬ ಹುಡುಗಿಯನ್ನು ಕೊಂದವರು ಯಾರೆಂಬುದನ್ನು ಹೇಳಿಬಿಡುವ ಮನಸ್ಸು ನಿರ್ದೇಶಕ ಡೇವಿಡ್ ಲಿಂಚ್‌ಗೆ ಇರಲಿಲ್ಲ. ವಾಹಿನಿ ಒತ್ತಾಯಿಸಿತು. ನವೆಂಬರ್‌ನಲ್ಲಿ ಕೊಲೆಗಾರ ಬಯಲಾದ, ನೋಡುವವರು ಕರಗಿದರು, 1991ರ ಜೂನ್‌ಗೆ ಎಲ್ಲ ಮುಗಿಯಿತು. ಹಾಗೆಂದು ತಪ್ಪನ್ನೆಲ್ಲ ವಾಹಿನಿಯ ತಲೆಗೆ ಕಟ್ಟಲಾಗದು. ಆ 30 ಕಂತುಗಳಲ್ಲಿ ಲಿಂಚ್ ನಿರ್ದೇಶಿಸಿದ್ದು ಆರನ್ನಷ್ಟೇ. ಕೊಲೆಗಾರ ಸಿಕ್ಕಮೇಲೆ ಅಷ್ಟೇ ತೂಕದ ಇನ್ನೊಂದು ಪ್ರಶ್ನೆ ಕಥೆಗಾರರ ಕೈಯಲ್ಲಿರಲಿಲ್ಲ. ಉಪಕಥೆಗಳನ್ನು ತುಂಬಿ ಜಾಗ ಮುಚ್ಚಿದರು.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ಅವಸರ, ವಿಳಂಬ ಎರಡರ ಕೇಡೂ ಗೊತ್ತು. ಹುಳು ಕಟ್ಟಿ ಮುಗಿಸುವ ಮೊದಲೇ, ಅದು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಯಿಂದ ಬಿಡಿಸಿದ ಗೂಡು ಮೆತ್ತಗೆ, ಎಳೆ ಕಡಿಮೆ. ಹೆಚ್ಚು ದಿನ ಬಿಟ್ಟರೆ ಚಿಟ್ಟೆ ತೂತು ಮಾಡಿಕೊಂಡು ಹೊರಬೀಳುತ್ತದೆ, ಆಮೇಲೆ ಆ ಗೂಡು ನೂಲಿಗೆ ಬಾರದು. ಬಿಸಿನೀರಿನಲ್ಲಿ ಹೊರಳುವ ಗೂಡಿನಿಂದ ಒಂದೇ ಎಳೆ ನೂರಾರು ಮೀಟರ್ ತುಂಡಾಗದೆ ಬರಬೇಕಾದರೆ ಅದನ್ನು ಬಿಡಿಸುವ ದಿನವನ್ನು ಹುಳುವೇ ಹೇಳಬೇಕು.

ನಮ್ಮ ದಿನದ ಧಾರಾವಾಹಿಗಳಲ್ಲಿ ಆ ದಿನವನ್ನು ಹೇಳುವುದು ವಾರವಾರದ ಟಿಆರ್‌ಪಿ. ಗೌರಿಬಿದನೂರಿನ ನಂಟಿರುವ ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳನ್ನು ಜನ ಕಾದು ಕೂತು ನೋಡಿದ್ದು ಏಕೆಂದು ಯೋಚಿಸಬೇಕು. ಪಾಟೀಸವಾಲಿನಲ್ಲಿ ಸಾಕ್ಷಿ ಇವತ್ತು ಆಡಿದ ಮಾತು ಹಿಂದೆ ತಾನೇ ಆಡಿದ ಮಾತಿಗೆ ಬಾಧ್ಯಸ್ಥ. ಅಂಕಿ ಕುಸಿಯಿತೆಂದು ಅಪರಾಧಿಯನ್ನೇ ಬದಲಿಸಿದರೆ, ತಿಂಗಳ ಹಿಂದೆ ತೋರಿಸಿದ ಸುಳಿವು ಇವತ್ತು ಸುಳ್ಳಾಗುತ್ತದೆ. ಗಮನವಿಟ್ಟು ನೋಡಿದವನಿಗೇ ಹೆಚ್ಚು ಮೋಸ. ಇದನ್ನು ಬರೀ ಕಸುಬಿನ ದೋಷವೆಂದು ನಾನು ಒಪ್ಪಲಾರೆ. ಇದು ಮಾತಿಗೆ ತಪ್ಪುವುದು.

ಜಾಹೀರಾತಿಲ್ಲದೆ ಲೈಟ್‌ಮನ್‌ನಿಂದ ಹಿಡಿದು ಮೇಕಪ್‌ನವರವರೆಗೆ ಯಾರ ಮನೆಯ ಒಲೆಯೂ ಉರಿಯದು ಎನ್ನುತ್ತಾರೆ. ನಿಜ, ಆ ಸಂಬಳ ಸಣ್ಣ ಮಾತಲ್ಲ. ಆದರೆ ಕಂತುಗಳನ್ನು ಮೊದಲೇ ಎಣಿಸಿಕೊಂಡು ಹೊರಡುವುದೂ ವ್ಯಾಪಾರವೇ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಬದುಕೇ ಉತ್ತರ ಕೊಡದಿರುವಾಗ ಕಥೆ ಏಕೆ ಕೊಡಬೇಕು? ಕೊಡಲೇಬೇಕೆಂದು ನಾನೂ ಹೇಳುತ್ತಿಲ್ಲ. ಸೀತಾರಾಂ ಅವರ 'ಮಗಳು ಜಾನಕಿ' 2020ರ ಲಾಕ್‌ಡೌನ್ ಕಾಲದಲ್ಲಿ ನಡುವೆಯೇ ನಿಂತಿತು. ನೋಡುವವರಿಗೆ ಬೇಸರವಾಯಿತು, ಆದರೆ ಕಾಯಿಲೆಯ ಕಾಲಕ್ಕೆ ಸಿಕ್ಕಿ ನಿಂತ ಕಥೆ ಯಾರಿಗೂ ಸುಳ್ಳು ಹೇಳಿದಂತಾಗಲಿಲ್ಲ. ಉತ್ತರ ಸಿಗದಿರುವುದು ಬೇರೆ, ಉತ್ತರ ಬೇಕಿಲ್ಲದೆ ಪ್ರಶ್ನೆ ಕೇಳುವುದು ಬೇರೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಈ ವ್ಯತ್ಯಾಸವನ್ನು ಬದುಕಿ ತೋರಿಸಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಗಾಳಿಯಿಂದ ಉಂಗುರ ಸೃಷ್ಟಿಸುತ್ತಾರೆಂದು ಭಕ್ತರು ನಂಬಿದ್ದ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಉಂಗುರದ ಬದಲು ಕುಂಬಳಕಾಯಿ ಸೃಷ್ಟಿಸಲಿ ಎಂಬುದು ನರಸಿಂಹಯ್ಯನವರ ಸವಾಲಾಗಿತ್ತು. ಕುಂಬಳಕಾಯಿ ಅಂಗಿಯ ತೋಳಿನೊಳಗೆ ಅಡಗದು, ಅದಕ್ಕೇ ಅದನ್ನು ಆರಿಸಿದ್ದು. ನಿಜವಾಗಿಯೂ ಗಾಳಿಯಿಂದ ಕುಂಬಳಕಾಯಿ ಬಂದಿದ್ದರೆ ಎಲ್ಲರ ಕಣ್ಣೆದುರು ಸೋಲುವವರು ಸವಾಲು ಹಾಕಿದ ನರಸಿಂಹಯ್ಯನವರೇ. ಅದಕ್ಕೂ ಅವರು ತಯಾರಿದ್ದರು.