ಲೈಲಾಕಿಗೆ ಬೇಕಾದ ಚಳಿ

ನಮ್ಮ ಡೊಂಬಿವಲಿಯ ಮನೆಗೆ ಬಂದವರು ಬಾಲ್ಕನಿಯ ಬೋನ್ಸಾಯ್‌ಗಳನ್ನು ನೋಡಿ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳುತ್ತಾರೆ: "ಆಕಾಶಕ್ಕೆ ಬೆಳೆಯುವ ಮರವನ್ನು ಹೀಗೆ ತಟ್ಟೆಯಲ್ಲಿ ಕೂರಿಸುವುದು ಹಿಂಸೆ ಅಲ್ವಾ?" ಮೊದಮೊದಲು ವಾದ ಮಾಡುತ್ತಿದ್ದೆ. ಗೋಳಿಯ ಬೀಜ ಹಳೇ ಗೋಡೆಯ ಬಿರುಕಿನಲ್ಲಿ ಬಿದ್ದರೆ ತಾನಾಗಿಯೇ ಗಿಡ್ಡವಾಗಿ ವರ್ಷಗಟ್ಟಲೆ ಬದುಕುತ್ತದೆ. ನಾನಾದರೋ ಹೊತ್ತು ಹೊತ್ತಿಗೆ ನೀರು, ಗೊಬ್ಬರ ಕೊಡುತ್ತೇನಲ್ಲ! ಕತ್ತರಿಯಲ್ಲಿ ಹಿಂಸೆಯಿಲ್ಲ ಎಂದೇ ಈಗಲೂ ನನ್ನ ಅಭಿಪ್ರಾಯ. ಇದ್ದರೆ ಅದು ಕತ್ತರಿಗೂ ಮೊದಲು, ಗಿಡವನ್ನು ಆರಿಸುವಲ್ಲಿ ಇದೆ. ಹಾಗೆ ಅನ್ನಿಸಿದ್ದು ಒಂದು ಲೈಲಾಕಿನಿಂದ.

ಅಮೆರಿಕದ ರೋಚೆಸ್ಟರಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಹೈಲ್ಯಾಂಡ್ ಪಾರ್ಕಿನಲ್ಲಿ ಮೇ ತಿಂಗಳ ಲೈಲಾಕ್ ಹೂವುಗಳನ್ನು ಕಂಡೆ. ಐನೂರಕ್ಕೂ ಹೆಚ್ಚು ತಳಿಗಳು. ಪರಿಮಳವಂತೂ ಮೂಗಿನಿಂದ ಹೋಗಲೊಲ್ಲದು. ಅದರಲ್ಲಿ ನಾಲ್ಕೈದು ಅಡಿಗೇ ನಿಲ್ಲುವ ಸಣ್ಣ ಎಲೆಯ ಗಿಡವೊಂದಿದೆ, ಬೋನ್ಸಾಯ್‌ಗೆ ಹೇಳಿಮಾಡಿಸಿದ್ದು. ಉತ್ತರ ಚೀನಾದ ತೋಟಗಳದ್ದಾದರೂ ಅದರ ಹೆಸರು ಕೊರಿಯಾದ ಲೈಲಾಕ್! ದಕ್ಷಿಣದಿಂದ ಬಂದವರೆಲ್ಲ ಮುಂಬಯಿಯಲ್ಲಿ 'ಮದ್ರಾಸಿ'ಗಳಾದ ಹಾಗೆ. ಊರಿಗೆ ಬಂದ ಮೇಲೆ ಹಟ ಹಿಡಿದು ಬೆಟ್ಟದ ಕಡೆಯ ನರ್ಸರಿಯೊಂದರಿಂದ ತರಿಸಿದೆ.

ಲೈಲಾಕಿಗೆ ಚಳಿಗಾಲದಲ್ಲಿ ವಾರಗಟ್ಟಲೆ 7 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಆಗಲೇ ಅದರ ನಿದ್ದೆ, ಆ ನಿದ್ದೆಯಿಂದಲೇ ಹೂವು. ನಮ್ಮಲ್ಲಿ ಜನವರಿಯ ಬೆಳಗು 15 ಡಿಗ್ರಿಗೆ ಇಳಿದರೆ ಲೋಕಲ್ ಟ್ರೇನಿನಲ್ಲಿ ಮಫ್ಲರುಗಳು ಕಾಣಿಸುತ್ತವೆ. ಪಾಪ, ಗಿಡ ನಿದ್ದೆಗೆಟ್ಟವರ ಹಾಗೆ ಅರೆಬರೆ ಚಿಗುರುತ್ತಿತ್ತು. ಏಪ್ರಿಲ್‌ನಲ್ಲಿ ಎರಡಂಗುಲ ಆಳದ ತಟ್ಟೆಯ ಮಣ್ಣು ಮಧ್ಯಾಹ್ನದೊಳಗೆ ಕಾದು ಒಣಗುತ್ತಿತ್ತು. ನಾಲ್ಕನೇ ಮಹಡಿಯ ಗಾಳಿಗೆ ಎಲೆಯಂಚು ಸುಟ್ಟ ಹಪ್ಪಳ. ನೆರಳುಬಲೆ ಕಟ್ಟಿದೆ, ದಿನಕ್ಕೆ ಮೂರು ಸಲ ನೀರು ಹಾಕಿದೆ. ಎರಡನೇ ಮಳೆಗಾಲದಲ್ಲಿ ಬೇರು ಕೊಳೆತು ಹೋಯಿತು. ಒಂದು ಹೂವನ್ನೂ ಬಿಡಲಿಲ್ಲ.

ಥಾಣೆ, ಕಲ್ಯಾಣದ ಗೆಳೆಯರು ಮೊದಲೇ ಹೇಳಿದ್ದರು: ಇಲ್ಲಿಗೆ ಗೋಳಿ, ಅತ್ತಿ, ಬೋಗನ್‌ವಿಲ್ಲಾ ಸಾಕು, ಬಿಸಿಲಿಗೂ ಗಾಳಿಗೂ ಬಗ್ಗುವುದಿಲ್ಲ ಎಂದು. ನವಿ ಮುಂಬಯಿಯ ನೆರೂಳ್‌ನಲ್ಲಿ ಎತ್ತರದ ಮಹಡಿಯಲ್ಲಿರುವವರೊಬ್ಬರು ತಟ್ಟೆಗಳನ್ನು ತಂತಿಯಿಂದ ಕಟೆಕಟೆಗೆ ಬಿಗಿದಿಡುತ್ತಾರೆ. ದಪ್ಪ, ಚಿಕ್ಕ ಎಲೆಯ ಗಿಡಗಳನ್ನು ಬಿಟ್ಟು ಬೇರೇನೂ ಇಟ್ಟುಕೊಳ್ಳುವುದಿಲ್ಲ. ನೇರಳೆ ಬಣ್ಣವೇ ಬೇಕೆಂದರೆ ಮಹಾರಾಷ್ಟ್ರದ ರಾಜ್ಯಪುಷ್ಪ ತಾಮ್ಹಣ ಇದೆಯಲ್ಲ, ನಮ್ಮ ಘಟ್ಟದ ಹೊಳೆಬದಿಯ ಹೊಳೆದಾಸವಾಳವೇ ಅದು. ಅದರ ಚಿಕ್ಕ ತಂಗಿ ಕ್ರೇಪ್ ಮರ್ಟಲ್ ತಟ್ಟೆಯಲ್ಲಿ ಚೆನ್ನಾಗಿ ಬರುತ್ತದೆ. ಹೊಸ ಚಿಗುರಿನಲ್ಲೇ ಹೂಬಿಡುವುದರಿಂದ ಕತ್ತರಿಸಿದಷ್ಟೂ ಹೂವು. ಇಂಗ್ಲಿಷಿನವರು ಇದನ್ನು 'ಇಂಡಿಯನ್ ಲೈಲಾಕ್' ಎಂದೂ ಕರೆದಿದ್ದಾರೆ. ಆದರೆ ನನಗೆ ಬೇಕಿದ್ದದ್ದು ಗಿಡವಲ್ಲ, ನನ್ನ ನೆನಪು. ಅದರ ಖರ್ಚನ್ನು ಗಿಡದ ತಲೆಗೆ ಕಟ್ಟಿದ್ದೆ.

ಒಣಗಿದ ಲೈಲಾಕನ್ನು ಕಿತ್ತು ಎಸೆಯುವಾಗ ಅಮ್ಮ ಕಿಟಕಿಯ ಬಳಿ ಕೂತಿದ್ದಳು. ಅಪ್ಪ ತೀರಿಕೊಂಡ ಮೇಲೆ ಕುಂದಾಪುರ ಬದಿಯ ಮನೆಗೆ ಬೀಗ ಹಾಕಿ, ಮತ್ಸ್ಯಗಂಧ ಹತ್ತಿಸಿ, ಥಾಣೆಯಲ್ಲಿ ಇಳಿಸಿಕೊಂಡು ಬಂದಿದ್ದೆ. ಆಗ ಅವಳಿಗೆ ಎಂಬತ್ತೆರಡು. ಹೊತ್ತು ಹೊತ್ತಿಗೆ ಊಟ, ಮಾತ್ರೆ, ಎಲ್ಲ ಇತ್ತು.

"ಗಿಡವನ್ನಾದರೆ ಕೇಳುವ ಹಾಗಿಲ್ಲ. ನನ್ನನ್ನು ಕೇಳಬಹುದಿತ್ತಲ್ಲ ಮಗಾ," ಅಂದಳು. ಸಿಟ್ಟಿನಿಂದಲ್ಲ.

ನಾನೂ ಬಂದವನೇ ಅಲ್ಲವೇ, ಬೇರು ಬಿಡಲಿಲ್ಲವೇ ಎಂದು ಒಳಗೇ ವಾದಿಸಿದೆ. ನಾನು ಬಂದದ್ದು ಇಪ್ಪತ್ತರ ಹರೆಯದಲ್ಲಿ, ನಾನಾಗಿಯೇ. ಬಲಿತ ಮರವನ್ನು ಬುಡಸಮೇತ ಎಬ್ಬಿಸುವುದು ಬೇರೆ. ಅಲ್ಲಿ ಒಬ್ಬಳೇ ಬಿದ್ದರೆ ಎತ್ತುವವರಾರು ಎಂಬ ನನ್ನ ಹೆದರಿಕೆಯೂ ಸುಳ್ಳಲ್ಲ. ಆದರೆ ಆ ಹೆದರಿಕೆಯಲ್ಲಿ ಅವಳ ಸುಖವೆಷ್ಟು, ನನ್ನ ನಿಶ್ಚಿಂತೆಯೆಷ್ಟು ಎಂದು ಅಳೆದು ನೋಡಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಕುಂದಾಪುರಕ್ಕೆ ಎರಡು ಟಿಕೆಟ್ ತೆಗೆದೆ. ವಾಪಸಿನದ್ದು ಎಷ್ಟು ಎಂದು ಕೌಂಟರಿನವ ಕೇಳಿದ. ಅವಳನ್ನೇ ಕೇಳಿ ಬರುತ್ತೇನೆಂದು ಮನೆಗೆ ಬಂದೆ.