ಬಾಯಿಬಿಟ್ಟು ಕೇಳಲಾರದ್ದು

ಮಹಾಶಿವರಾತ್ರಿಗೆ ಇನ್ನೂ ವಾರವಿರುವಾಗಲೇ ಕುಣಿಗಲ್ ರಸ್ತೆಯಲ್ಲಿ ಧರ್ಮಸ್ಥಳದ ಪಾದಯಾತ್ರಿಗಳು ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತಾರೆ. ಬೆಂಗಳೂರಿನಿಂದ ಹೊರಟವರು ಸುಮಾರು 300 ಕಿ.ಮೀ. ನಡೆಯಬೇಕು. ಕುಣಿಗಲ್ ಮುಟ್ಟುವ ಹೊತ್ತಿಗೆ 70 ಕಿ.ಮೀ. ಸವೆದಿರುತ್ತದೆ. ಮುಂದೆ ಯಡಿಯೂರು, ಬೆಳ್ಳೂರು ಕ್ರಾಸ್, ಹಾಸನ, ಕೊನೆಗೆ ಮೊಣಕಾಲು ನಡುಗಿಸುವ ಘಟ್ಟದ ಇಳಿಜಾರು. ಬಿಸಿಲೇರುವ ಮೊದಲೇ ಒಂದಷ್ಟು ದಾರಿ ಸಾಗಲೆಂದು ನಸುಕಿಗೇ ಏಳುತ್ತಾರೆ. ಮಧ್ಯಾಹ್ನ ಡಾಂಬರು ಕಾದಾಗ ಯಾವುದಾದರೂ ಮರದಡಿ ಟವೆಲ್ ಹಾಸಿ ಒರಗುತ್ತಾರೆ. ನೋಡುವ ನಮಗೆ ದೂರವೇ ದೊಡ್ಡ ಕಷ್ಟವಾಗಿ ಕಾಣುತ್ತದೆ. ನಡೆದವರನ್ನು ಕೇಳಿದರೆ ಮಾತು ಪಾದದ ಕಡೆಗೇ ತಿರುಗುತ್ತದೆ.

ಬೆವರಿಗೆ ನೆಂದ ಕಾಲುಚೀಲ ಹಿಮ್ಮಡಿಗೆ ಉಜ್ಜುತ್ತಾ ಮೊದಲು ಒಂದು ಕಡೆ ಉರಿ ಹತ್ತುತ್ತದೆ. ಅಲ್ಲೇ ಕೂತು, ಕಾಲು ಒರೆಸಿ, ಒಂದು ಪಟ್ಟಿ ಅಂಟಿಸಿದರೆ ಹತ್ತು ನಿಮಿಷದ ಕೆಲಸ. ಆದರೆ ಜೊತೆಯವರು ಮುಂದೆ ಹೋಗುತ್ತಿರುವಾಗ 'ಸ್ವಲ್ಪ ನಿಲ್ಲಿ' ಎನ್ನಲು ಸಂಕೋಚ. ಹರಕೆ ಹೊತ್ತವನು ನೋವೆಂದರೆ ಏನಂದುಕೊಂಡಾರೋ ಎಂಬ ಅಳುಕು ಬೇರೆ. ಸಂಜೆಗೆ ಬೊಬ್ಬೆ ಎದ್ದು, ಮರುದಿನ ಒಡೆದು, ಆಮೇಲೆ ಇಡೀ ತಂಡವೇ ಅವನಿಗಾಗಿ ಕಾಯಬೇಕಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಉರಿಯೂ ತಿಳಿಯದು. ಅಂಥವರ ಪಾದವನ್ನು ದಿನಕ್ಕೆರಡು ಸಲ ಇನ್ನೊಬ್ಬರು ನೋಡಲೇಬೇಕು. ಹೆಣ್ಣುಮಕ್ಕಳ ಕಷ್ಟ ಇದಕ್ಕಿಂತ ಮೌನದ್ದು. ಹೆದ್ದಾರಿಯಲ್ಲಿ ಮರೆ ಇಲ್ಲ, ಶೌಚಾಲಯ ಎಲ್ಲಿದೆಯೋ ಗೊತ್ತಿಲ್ಲ. ಆದ್ದರಿಂದ ಎಷ್ಟೋ ಜನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆ ಬಿಸಿಲಲ್ಲಿ ತಲೆಸುತ್ತು, ಉರಿಮೂತ್ರ ಶುರುವಾಗುವುದು ಹಾಗೆ.

ಅನ್ನ ಕೊಡುವುದರಲ್ಲಿ ನಮ್ಮ ತುಮಕೂರು ಜಿಲ್ಲೆ ಹಿಂದೆ ಬಿದ್ದದ್ದಿಲ್ಲ. ಸಿದ್ಧಗಂಗಾ ಮಠದ ದಾಸೋಹದ ಒಲೆ ಕಂಡ ಊರು ನಮ್ಮದು. ಅದೇ ಶಿವರಾತ್ರಿಗೆ ಅಲ್ಲೂ ಜಾತ್ರೆ. ತುಮಕೂರು, ಗುಬ್ಬಿ, ಕುಣಿಗಲ್ ಎಲ್ಲಿಯವರೇ ಆಗಲಿ, ದಾರಿಹೋಕರಿಗೆ ಮಜ್ಜಿಗೆ, ಪಾನಕ, ಚಿತ್ರಾನ್ನ ಕೊಡುವುದನ್ನು ಯಾರೂ ಕಲಿಸಬೇಕಿಲ್ಲ. ಹಸಿದವನು ಕೇಳಬಲ್ಲ, ಕೇಳದಿದ್ದರೂ ಹಸಿವು ನಮ್ಮ ಕಣ್ಣಿಗೆ ಬೀಳುತ್ತದೆ. ಕೇಳಲು ನಾಚುವ ಅಗತ್ಯಗಳ ಕಡೆ ಮಾತ್ರ ನಮ್ಮ ಔದಾರ್ಯ ಇನ್ನೂ ಅಷ್ಟಾಗಿ ತಿರುಗಿಲ್ಲ ಎಂದು ನನಗನ್ನಿಸುತ್ತದೆ.

ಹಾಗೆ ತಿರುಗಿದ್ದನ್ನು ಒಮ್ಮೆ ಕಂಡೆ. ಯಡಿಯೂರಿನ ಈಚೆಗೆ ರಸ್ತೆ ಬದಿಯ ಮನೆಯೊಂದರ ಮುಂದೆ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಪಕ್ಕದಲ್ಲಿ ಎರಡು ಅಗಲ ಬೋಗುಣಿ, ಒಂದು ಬಟ್ಟಲು ಕಲ್ಲುಪ್ಪು. ಗಂಡಸರು ಪಾದ ಅದ್ದಿಕೊಂಡು ಕೂತಿದ್ದರು. ಆ ಮನೆಯ ಅಜ್ಜಿ ಗೇಟಿಗೆ ಬಂದು, ಹಿಂದೆ ಕೂತಿದ್ದ ಹೆಂಗಸರನ್ನು ನೋಡಿ, ಯಾರೂ ಏನೂ ಕೇಳುವ ಮೊದಲೇ, "ಒಳಕ್ಕೆ ಬರ್ರಮ್ಮ, ಹಿತ್ತಲಲ್ಲಿ ಬಚ್ಚಲೈತೆ, ನೀರೈತೆ" ಎಂದರು. ಐದಾರು ಜನ ಒಟ್ಟಿಗೇ ಎದ್ದರು. ರಸ್ತೆ ಬದಿಯಲ್ಲಿ ಮನೆಯಿರುವ ನಾವು ಈ ಶಿವರಾತ್ರಿಗೆ ಮಜ್ಜಿಗೆಯ ಜೊತೆ ಇಷ್ಟನ್ನೂ ಅಣಿ ಮಾಡಿಕೊಳ್ಳಬಹುದು: ಗೇಟಿನ ಮೇಲೆ 'ಮಹಿಳೆಯರಿಗೆ ಶೌಚಾಲಯವಿದೆ' ಎಂದು ಬರೆದ ಒಂದು ರಟ್ಟು, ತುಂಬಿದ ಬಕೆಟ್ಟು, ಸೋಪು, ನಸುಕಿನಲ್ಲಿ ಬರುವವರಿಗೆ ಒಂದು ಬಲ್ಬು. ಬಚ್ಚಲಿನ ಚಿಲಕ ಸಡಿಲವಾಗಿದ್ದರೆ ಈ ಭಾನುವಾರವೇ ಸರಿಮಾಡಿಸೋಣ.